ವಾಲ್ವ್‌ಮನ್ ಗೋಣೆಪ್ಪನ ಏಸಿ ಗಾಡಿ

ಕುಷ್ಟಗಿ ಪುರಸಭೆಯಲ್ಲಿ ಮೂವತ್ತೆರಡು ವರ್ಷ ವಾಲ್ವ್‌ಮನ್ ಆಗಿ ದುಡಿದು ನಿವೃತ್ತನಾದ ಗೋಣೆಪ್ಪ ಕಾರು ಕೊಳ್ಳಲು ಕಾರಣವಾದದ್ದು ಅವನ ಬೀಗರು ಗೋವಿಂದರಾಜರು ಆಡಿದ ಮೂರು ಪದಗಳ ಒಂದು ಮಾತು.

ಮಗಳು ಕವಿತಾಳ ಮದುವೆಯ ದಿನ ಗಂಗಾವತಿಯ ಶಾಮಿಯಾನದಡಿ ಗೋವಿಂದರಾಜರು ತಮ್ಮ ಕಡೆಯ ದೊಡ್ಡ ಮನುಷ್ಯರಿಗೆ ನೆಂಟರ ಪರಿಚಯ ಮಾಡಿಸುತ್ತಿದ್ದರು. ಇವರು ಅಕ್ಕಿ ಗಿರಣಿಯವರು, ಇವರು ತಾಲೂಕು ಕಚೇರಿಯವರು, ಇವರು ಸಾಣಾಪುರದಲ್ಲಿ ಫಾರಿನ್ ಮಂದಿಗೆ ಹೋಟೆಲ್ ನಡೆಸುವವರು ಎಂದು ಒಬ್ಬೊಬ್ಬರ ಹೆಗಲ ಮೇಲೂ ಕೈಯಿಟ್ಟು ಹೇಳುತ್ತ ಬಂದವರು ಗೋಣೆಪ್ಪನ ಹತ್ತಿರ ಬಂದಾಗ ಒಮ್ಮೆ ಕೆಮ್ಮಿದರು. "ಇವರು ನಮ್ಮ ಬೀಗರು," ಎಂದರು. ಆಮೇಲೆ, "ಕುಷ್ಟಗಿಯೊಳಗ ನೀರ ಬಿಡ್ತಿದ್ರು," ಎಂದರು.

ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಸಂಕಟ ಅದೇ. ಸುಳ್ಳಾಗಿದ್ದರೆ ಜಗಳ ತೆಗೆಯಬಹುದಿತ್ತು. ಗೋಣೆಪ್ಪನ ಕೈಯಲ್ಲಿದ್ದದ್ದು ಸಣ್ಣ ಅಧಿಕಾರವಲ್ಲ. ಕುಷ್ಟಗಿಯಲ್ಲಿ ಮುಹೂರ್ತ ತೆಗೆಸಿದವರು ನೇರ ಅವನ ಮನೆಗೆ ಬಂದು, ಅವತ್ತು ತಮ್ಮ ಓಣಿಗೆ ನೀರಿನ ಪಾಳಿ ಇದೆಯೇ ಎಂದು ಕೇಳಿ, ಇಲ್ಲವೆಂದರೆ ಮುಹೂರ್ತವನ್ನೇ ಬದಲಿಸುತ್ತಿದ್ದರು. ನೆಲದ ನಾಲ್ಕಡಿ ಕೆಳಗೆ ಪೈಪು ಒಡೆದರೆ ಎಂಜಿನಿಯರು ನಕ್ಷೆ ಹಿಡಿದು ತಲೆ ಕೆರೆದುಕೊಳ್ಳುವಾಗ ಗೋಣೆಪ್ಪ ತನ್ನ ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ನೆಲಕ್ಕೂ, ಸೈಕಲ್ ಟ್ಯೂಬು ಸುತ್ತಿದ ಇನ್ನೊಂದು ತುದಿಯನ್ನು ಕಿವಿಗೂ ಹಚ್ಚಿ, ಕಣ್ಣು ಮುಚ್ಚಿ ಆಲಿಸಿ, "ಇಲ್ಲಿ ಅಗೀರಿ," ಎನ್ನುತ್ತಿದ್ದ. ಅಗೆದರೆ ತೂತು ಅಲ್ಲೇ ಇರುತ್ತಿತ್ತು. ಆದರೆ ಇದನ್ನೆಲ್ಲ ಪೇಡೆ ಬಾಯಲ್ಲಿಟ್ಟುಕೊಂಡು ನಿಂತ ದೊಡ್ಡ ಮನುಷ್ಯರಿಗೆ ವಿವರಿಸುವುದು ಹೇಗೆ? ಗೋಣೆಪ್ಪ ಕೈಮುಗಿದ. ಮನೆಗೆ ಬಂದವನು ಸಲಾಕೆಯನ್ನು ಹಳೆಯ ಖಾಕಿ ಅಂಗಿಯಲ್ಲಿ ಸುತ್ತಿ ಅಟ್ಟದ ಮೇಲೆ ಎಸೆದ.

ಆಮೇಲೆ ಹೊಸಪೇಟೆಗೆ ಹೋಗಿ ಕಾರು ತಂದ.

ಅದು ಗಣಿ ಧಣಿಗಳ ಮನೆಯ ಹಿತ್ತಲಲ್ಲಿ ಬೇವಿನ ಮರದ ಕೆಳಗೆ ವರ್ಷಗಟ್ಟಲೆ ನಿಂತಿದ್ದ ಉದ್ದನೆಯ ಕರಿ ಫಾರಿನ್ ಕಾರು. ಪೆಟ್ರೋಲ್ ಕುಡಿಯುವುದರಲ್ಲಿ ಅದಕ್ಕೆ ಯಾವ ಸಂಕೋಚವೂ ಇರಲಿಲ್ಲ. ಅದರ ಕಂಪನಿಯ ಹೆಸರು ಓಣಿಯಲ್ಲಿ ಯಾರ ನಾಲಿಗೆಗೂ ಹೊರಳಲಿಲ್ಲವಾದ್ದರಿಂದ ಎಲ್ಲರೂ 'ಗೋಣೆಪ್ಪನ ಏಸಿ ಗಾಡಿ' ಎಂದೇ ಕರೆದರು. ಗೋಣೆಪ್ಪನಿಗೆ ಬೇಕಾಗಿದ್ದದ್ದೂ ಅದೇ. ಪುರಸಭೆಯ ನೀರಿನ ಟ್ಯಾಂಕರ್ ಓಡಿಸಿ ಕಲಿತ ಕೈ ಅವನದು. ಕೊತ್ತಂಬರಿ ತರಲು ಕಾರು, ಕ್ಷೌರಕ್ಕೆ ಕಾರು. ಎದುರಿಗೆ ಬಂದವರು ಮಾತನಾಡಿಸಿದರೆ ಗ್ಲಾಸು ಇಳಿಸುತ್ತಿರಲಿಲ್ಲ. ಒಳಗಿಂದಲೇ ತುಟಿ ಆಡಿಸಿ, ತಂಪು ಹೊರಗೆ ಹೋಗುತ್ತದೆ ಎಂದು ಕೈಸನ್ನೆ ಮಾಡುತ್ತಿದ್ದ.

ಅಮಾವಾಸ್ಯೆಗೆ ಗಾಡಿ ಪೂಜೆ ನಮ್ಮ ಕಡೆ ಎಲ್ಲರೂ ಮಾಡುತ್ತಾರೆ. ಟ್ರ್ಯಾಕ್ಟರಿನ ಮುಖಕ್ಕೆ ಕುಂಕುಮ ಹಚ್ಚಿ, ನಿಂಬೆಹಣ್ಣು ಗಾಲಿಗಿಟ್ಟು ಹಾಯಿಸಿದರೆ ಮುಗಿಯಿತು. ಗೋಣೆಪ್ಪನಿಗೆ ಅಷ್ಟು ಸಾಲಲಿಲ್ಲ. ಹೆಂಡತಿ ಅಮರಮ್ಮ ಬಾನೆಟ್ಟಿನ ಮೇಲೆ ವಿಭೂತಿ ಹಚ್ಚುತ್ತಿದ್ದರೆ, "ತೊಗಲಿಗೆ ಪೂಜಿ ಮಾಡಿದ್ರ ಏನ ಬಂತು? ಜೀವ ಒಳಗೈತಿ," ಎಂದು ಬಾನೆಟ್ ಎತ್ತಿಸಿದ. ಎಂಜಿನ್ನಿಗೆ ಕುಂಕುಮ, ಬ್ಯಾಟರಿಗೆ ಹೂವು. ಊದಿನಕಡ್ಡಿ ಸಿಗಿಸಲು ಮೂಲೆಯಲ್ಲಿ ದೇವರೇ ಮಾಡಿಟ್ಟಂಥ ಮೆತ್ತನೆಯ ಜಾಗವೊಂದು ಸಿಕ್ಕಿತು. ಐದು ಕಡ್ಡಿಗಳನ್ನು ಒಟ್ಟಿಗೆ ಅಲ್ಲಿ ಚುಚ್ಚಿ, ಹೊಗೆ ಏಳುವುದನ್ನು ಓಣಿಯವರೆಲ್ಲ ನೋಡುವವರೆಗೆ ಬಾನೆಟ್ ಮುಚ್ಚಲಿಲ್ಲ.

ಅದೇ ವಾರ ಗಂಗಾವತಿಯಿಂದ ಫೋನು ಬಂತು. ಕವಿತಾಳಿಗೆ ಏಳನೆಯ ತಿಂಗಳು. ಕುಬಸದ ದಿನ ಗೊತ್ತಾಗಿದೆ. ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬಿದ ಮೇಲೆ ಚೊಚ್ಚಲ ಬಸುರಿಯನ್ನು ತವರಿನವರು ಹೆರಿಗೆಗೆ ಕರೆತರುವುದು ಪದ್ಧತಿ. ಆದರೆ ಗೋವಿಂದರಾಜರು ರಾಗ ಎಳೆದರು.

"ಬೀಗರ, ಬ್ಯಾಸಗಿ ಭಾಳ ಐತಿ. ಈ ಬಿಸಲಾಗ ಅಷ್ಟು ದೂರ ಹ್ಯಾಂಗ ಕಳಸೂದ್ರಿ? ಇಲ್ಲೇ ದವಾಖಾನಿ ಐತಿ. ಇಲ್ಲೇ ಆಗವಲ್ಲದ್ಯಾಕ?"

"ಚೊಚ್ಚಿಲ ಹೆರಿಗಿ ತವರ ಮನಿಯಾಗ್ರಿ ಬೀಗರ," ಎಂದ ಗೋಣೆಪ್ಪ. "ಬಿಸಲಿನ ಚಿಂತಿ ಬಿಡ್ರಿ. ನಮ್ಮದು ಏಸಿ ಗಾಡಿ. ನಿಮ್ಮ ಸೊಸಿ ಹಣಿ ಮ್ಯಾಲಿನ ಕುಂಕುಮ ಸುದ್ದಾ ಬೆವರಂಗಿಲ್ಲ."

"ಹಂಗಾದ್ರ ಕಳಸ್ತೀನಿ. ತಂಪಿದ್ರ ಮಾತ್ರ," ಎಂದರು ಗೋವಿಂದರಾಜರು.

ಅಮರಮ್ಮ ಅವತ್ತೇ ತೊಟ್ಟಿಲು ಇಳಿಸಿ ತೊಳೆದಳು. ಬಾಣಂತಿ ಕೋಣೆಗೆ ಸುಣ್ಣ ಬಂತು. ಮಗಳು ಬರುತ್ತಾಳೆಂದು ಅವಳು ತನ್ನಷ್ಟಕ್ಕೆ ಹಾಡಿಕೊಳ್ಳುವುದನ್ನು ಕೇಳಿದ ಗೋಣೆಪ್ಪನಿಗೆ, ಈ ಮನೆಗೆ ಆ ಹುಡುಗಿಯನ್ನು ತಾನೇ, ತನ್ನ ಗಾಡಿಯಲ್ಲೇ, ತಂಪಾಗಿ ಕರೆತರಬೇಕು ಎಂಬುದೊಂದೇ ಆಸೆಯಾಯಿತು.

ಏನೇ ಆಗಲಿ ಒಮ್ಮೆ ದೂರದ ಹಾದಿಯಲ್ಲಿ ಪರೀಕ್ಷೆ ಮಾಡೋಣವೆಂದು ಅವನು ಹನುಮಸಾಗರಕ್ಕೆ ಹೊರಟ. ಪಕ್ಕದ ಮನೆಯ ಮಾರೆವ್ವ, ಎಂಬತ್ತರ ಮುದುಕಿ, ಅಲ್ಲಿ ತನ್ನ ತಂಗಿಯನ್ನು ನೋಡಬೇಕೆಂದು ಮುಂದಿನ ಸೀಟಿನಲ್ಲಿ ಕುಳಿತಳು. ಸಪಾಟು ಹಾದಿಯಲ್ಲಿ ಮುಖಕ್ಕೆ ತಣ್ಣನೆಯ ಗಾಳಿ ಛಲೋ ಬಂತು. ಏರು ಶುರುವಾಯಿತು. ಗೋಣೆಪ್ಪ ಎಕ್ಸಲೇಟರ್ ಒತ್ತಿದ. ಮುಖದ ಮೇಲಿನ ಗಾಳಿ ಯಾರೋ ನಳ ತಿರುಗಿಸಿದ ಹಾಗೆ ನಿಂತಿತು. ಮುಂದಿನ ಗ್ಲಾಸಿನ ಬುಡದಿಂದ ಬುಸ್ಸೆಂದು ಗಾಳಿ ಎದ್ದಿತು. ಕಾಲಬುಡದಿಂದ ಮೇ ತಿಂಗಳ ಬಿಸಿಲೂ ನಾಚುವಂಥ ಬಿಸಿ ಏಳತೊಡಗಿತು. ಗೋಣೆಪ್ಪನ ಧೋತರದ ಅಂಚು ಬೆಚ್ಚಗಾಯಿತು, ಆಮೇಲೆ ಗೋಣೆಪ್ಪನೇ ಬೆವರಿದ. ಏರು ಮುಗಿದು ಇಳಿಜಾರು ಬಂದದ್ದೇ ಮತ್ತೆ ತಂಪು.

"ಯಪ್ಪಾ ಗೋಣೆಪ್ಪ," ಎಂದಳು ಮಾರೆವ್ವ, ಕಣ್ಣು ಅರೆಮುಚ್ಚಿ. "ಇದೇನ ಛಲೋ ಕಾವೋ. ಆರು ವರ್ಷದಿಂದ ಹಿಡದಿದ್ದ ಮೊಣಕಾಲ ಬಿಟ್ಟಂಗಾತು. ಇನ್ನೊಂದ ಏರು ಹತ್ತಸು."

ಮರಳಿ ಬಂದಾಗ ಮಾರೆವ್ವ ಕೋಲನ್ನು ಗಾಡಿಯಲ್ಲೇ ಮರೆತು ಇಳಿದು ನಡೆದಳು. ಓಣಿಯ ತುದಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಇಡೀ ಓಣಿಯ ಸುದ್ದಿ ಹೊಲಿಯುವ ಯಮನೂರ ಇದನ್ನು ನೋಡಿ ಎದ್ದು ಬಂದ. "ಏಸಿ ಗಾಡ್ಯಾಗ ಕಾವು ಹ್ಯಾಂಗ ಬಂತ್ರಿ ಮಾವಾರ?" ಎಂದು ಕೇಳಿದ.

ಕೆಟ್ಟಿದೆ ಎಂಬ ಮಾತು ಗೋಣೆಪ್ಪನ ಬಾಯಿತನಕ ಬಂತು. ಆದರೆ ಕೊತ್ತಂಬರಿ ತರಲು ಕಾರಿನಲ್ಲಿ ಹೋಗುವ ಮನುಷ್ಯನ ಬಾಯಿಗೆ ಬೇರೆಯದೇ ಕಟ್ಟಳೆಗಳಿರುತ್ತವೆ.

"ಅದು ಸೌಲಭ್ಯ," ಎಂದ. "ಫಾರಿನ್ ಗಾಡಿಯೊಳಗ ಮಾರಿಗೆ ತಂಪು, ಕಾಲಿಗೆ ಕಾವು. ಬೇಕಾದಾಗ ಬಿಡಬೇಕು, ಬ್ಯಾಡಾದಾಗ ಬಂದ್ ಮಾಡಬೇಕು. ಎಲ್ಲಾ ಗಾಡಿಗೆ ಇರಂಗಿಲ್ಲ."

ಮರುದಿನ ಬೆಳಿಗ್ಗೆ ಅವನ ಮನೆಯ ಮುಂದೆ ಏಳು ಜೋಡಿ ಮೊಣಕಾಲುಗಳು ಬಂದು ಕೂತಿದ್ದವು. ಯಮನೂರ ರಾತ್ರಿಯೊಳಗೆ ಸುದ್ದಿಗೆ ತೋಳು, ಕಾಲರು, ಜೇಬು ಎಲ್ಲ ಹಚ್ಚಿದ್ದ. ಬೇಡವೆಂದರೆ ಸೌಲಭ್ಯ ಸುಳ್ಳಾಗುತ್ತದೆ. ಗೋಣೆಪ್ಪ ಹಳೆಯ ಅಭ್ಯಾಸದಂತೆ ಪಾಳಿ ಹಚ್ಚಿದ: ಸೋಮವಾರ ಮೇಲಿನ ಓಣಿ, ಮಂಗಳವಾರ ಕೆಳಗಿನ ಓಣಿ. ದಿನಕ್ಕೆ ನಾಲ್ಕು ಸಲ ಮುದುಕ ಮುದುಕಿಯರನ್ನು ತುಂಬಿಕೊಂಡು ಏರು ಹತ್ತಿಸಿ ಇಳಿಸುತ್ತಿದ್ದ. ಮಾರೆವ್ವನದು ಮಾತ್ರ ಕಾಯಂ ಸೀಟು.

ನಾಲ್ಕನೆಯ ದಿನ ಪುರಸಭೆಯ ಆರೋಗ್ಯ ನಿರೀಕ್ಷಕ ಕನಕರಾಜ ನೋಟೀಸು ಪುಸ್ತಕ ಹಿಡಿದು ಬಂದ. "ಗೋಣೆಪ್ಪ, ನೀವು ನಮ್ಮ ಆಫೀಸಿನವರ. ಅದಕ್ಕ ನಾನ ಬಂದೀನಿ. ಲೈಸನ್ಸ್ ಇಲ್ಲದ ದವಾಖಾನಿ ನಡಸಾಕತ್ತೀರಿ ಅಂತ ತಕರಾರ ಬಂದೈತಿ. ಅದೂ ಓಡೋ ದವಾಖಾನಿ."

"ದವಾಖಾನಿ ಅಲ್ರಿ ಸಾಹೇಬ್ರ, ಗಾಡಿ."

"ಗಾಡಿ ಅಂದ್ರ ಜನ ಒಂದ ಕಡೆ ಹತ್ತಿ ಇನ್ನೊಂದ ಕಡೆ ಇಳೀಬೇಕು. ಇಲ್ಲಿ ಹತ್ತಿದ ಜಾಗದಾಗ ಇಳೀತಾರ. ರೋಗಿ ಅನ್ನೂದ ಇವರಿಗೇ." ಕನಕರಾಜ ಪುಸ್ತಕ ತೆರೆದು ಪೆನ್ನು ಹುಡುಕಿದ. ಹುಡುಕುತ್ತ ಸೊಂಟ ಹಿಡಿದುಕೊಂಡ. ಗೋಣೆಪ್ಪ ಬಾಗಿಲು ತೆರೆದ. ಅರ್ಧ ತಾಸಿನ ನಂತರ ಕನಕರಾಜ ಬೂಟನ್ನು ಕೈಯಲ್ಲಿ ಹಿಡಿದು ಇಳಿದು, ನೋಟೀಸು ಬರೆಯದೆ, ತನ್ನ ಅತ್ತೆಯವರಿಗೆ ಬುಧವಾರ ಪಾಳಿ ಸಿಗಬಹುದೇ ಎಂದು ವಿಚಾರಿಸಿ ಹೋದ.

ಹೀಗೆ ಸರಕಾರವೇ ಒಪ್ಪಿದ ಮೇಲೆ ಸುದ್ದಿ ಕುಷ್ಟಗಿಯಲ್ಲಿ ನಿಲ್ಲುತ್ತದೆಯೇ? ಯಲಬುರ್ಗಾ ದಾಟಿತು, ಕೊಪ್ಪಳ ಮುಟ್ಟಿತು, ಅಲ್ಲಿಂದ ಗಂಗಾವತಿ ತಲುಪಿತು. ಕುಬಸಕ್ಕೆ ನಾಲ್ಕು ದಿನ ಇರುವಾಗ ಗೋವಿಂದರಾಜರ ಫೋನು ಬಂತು.

"ಬೀಗರ, ನಿಮ್ಮ ಗಾಡ್ಯಾಗ ಕೂತ್ರ ಮಂದಿ ಕಾಲ ಸುಡ್ತಾವಂತ? ಮುದುಕ್ಯಾರು ಕುದ್ದು ಇಳೀತಾರಂತ? ನೀವು ತಂಪು ಅಂದಿದ್ರಿ."

"ಅದು ಬ್ಯಾರೆ ಸೌಲಭ್ಯ ರೀ—"

"ಸೌಲಭ್ಯ ನಿಮ್ಮ ಊರಾಗ ಇಟ್ಕೊಳ್ರಿ. ಕುಬಸದ ದಿನ ಮೊದಲ ನನ್ನ ಒಂದ ಸುತ್ತು ಹೊಡಸ್ರಿ. ಊರ ಸುತ್ತಿ ಬರೂತನಕ ತಂಪಿದ್ರ ಸೊಸೀನ ಕರಕೊಂಡ ಹೋಗ್ರಿ. ಇಲ್ಲಂದ್ರ ಹೆರಿಗಿ ಇಲ್ಲೇ." ಫೋನು ಇಟ್ಟರು.

ಗೋಣೆಪ್ಪ ಮೂರು ಓಣಿಗಳ ಮೊಣಕಾಲುಗಳನ್ನು ಅಲ್ಲೇ ಬಿಟ್ಟು ಹಿಟ್ನಾಳದ ಹೆದ್ದಾರಿಗೆ ಓಡಿದ. ಅಲ್ಲಿ ವಾಹೀದನ ಗ್ಯಾರೇಜು. ಗಣಿ ಧಣಿಗಳ ಫಾರಿನ್ ಗಾಡಿಗಳನ್ನೆಲ್ಲ ರಿಪೇರಿ ಮಾಡಿದ ಕೈ. ವಾಹೀದ ಏಸಿ ಹಾಕಿದ, ಗ್ಯಾಸು ನೋಡಿದ, ಎಂಜಿನ್ ಸುಮ್ಮನೆ ನಿಂತಲ್ಲೇ ನಡುಗುವುದನ್ನು ನೋಡಿ ತಲೆಯಾಡಿಸಿದ.

"ಗ್ಯಾಸ್ ಐತಿ ಕಾಕಾ. ಇದು ವ್ಯಾಕ್ಯೂಮ್ ಲೀಕ್. ಈ ಗಾಡಿಯೊಳಗ ಎಂಜಿನ್ ಗಾಳಿ ಎಳೀತೈತಿ. ಆ ಎಳೆತದ ಮ್ಯಾಲ ಒಳಗಿನ ಪಡದಿ ತಿರಗತಾವ, ಗಾಳಿ ಮಾರಿಗೆ ಬರಬೇಕೋ ಗ್ಲಾಸಿಗೆ ಹೋಗಬೇಕೋ ಅಂತ. ಎಂಜಿನ್ನಿನ ಬಿಸಿನೀರಿನ ವಾಲ್ವ್ ಮುಚ್ಚೂದು ಸುದ್ದಾ ಆ ಎಳೆತದ ಮ್ಯಾಲ. ಎಲ್ಲೋ ಒಂದ ಪೈಪ್ ತೂತ ಬಿದ್ದೈತಿ. ಏರು ಹತ್ತುವಾಗ ಎಕ್ಸಲೇಟರ್ ಒತ್ತಿದ್ರ ಎಳೆತ ಕಮ್ಮಿ ಆಕ್ಕೈತಿ, ಇದ್ದದ್ದೂ ಸೋರಿ ಹೋಗಿ ಪಡದಿ ಬಿದ್ದು ಗಾಳಿ ಗ್ಲಾಸಿಗೆ ಹೋಗ್ತೈತಿ, ವಾಲ್ವ್ ತೆರಕೊಂಡು ಕಾಲಿಗೆ ಬಿಸಿ ಬರ್ತೈತಿ."

ಲೀಕ್ ಎಂಬ ಪದ ಕಿವಿಗೆ ಬಿದ್ದದ್ದೇ ಗೋಣೆಪ್ಪ ಸೆಟೆದು ನಿಂತ. ಈ ವಿಷಯದಲ್ಲಿ ಇನ್ನೊಬ್ಬರು ಅವನಿಗೆ ಪಾಠ ಹೇಳುವುದೆಂದರೇನು?

"ಎಲ್ಲಿ ಹಸಿ ಆಗೈತಿ ತೋರಸು," ಎಂದ.

"ಗಾಳಿ ಹಸಿ ಆಗಂಗಿಲ್ಲ ಕಾಕಾ."

"ಹಂಗಾದ್ರ ಊದಿ ಹೊರಗ ಬರಬೇಕು. ಎಲ್ಲಿ ಬರಾಕತ್ತೈತಿ?"

"ಹೊರಗ ಬರಂಗಿಲ್ಲ. ಒಳಗ ಹೋಗ್ತೈತಿ."

ಗೋಣೆಪ್ಪ ನಕ್ಕ. ಕನಿಕರದಿಂದ ನಕ್ಕ. "ತಮ್ಮಾ, ಮೂವತ್ತೆರಡು ವರ್ಷ ಲೀಕ್ ಹಿಡದೀನಿ. ಲೀಕ್ ಅಂದ್ರ ಹೊರಗ ಬರೂದು. ಒಳಗ ಹೋಗೂದಕ್ಕ ಲೀಕ್ ಅನ್ನಂಗಿಲ್ಲ, ತುಂಬೂದು ಅಂತಾರ."

ವಾಹೀದ ವಾದಕ್ಕೆ ನಿಲ್ಲಲಿಲ್ಲ. ಮನೆಯಷ್ಟು ಪೈಪಿದೆ, ಡ್ಯಾಶ್‌ಬೋರ್ಡು ಬಿಚ್ಚಿ ಒಂದೊಂದೇ ನೋಡಬೇಕು, ಹತ್ತು ದಿನ ಗಾಡಿ ಬಿಡಿ ಎಂದ. ಕೈಯಲ್ಲಿರುವುದು ನಾಲ್ಕು ದಿನ. ಗೋಣೆಪ್ಪ ಗಾಡಿ ತಿರುಗಿಸಿಕೊಂಡು ಬಂದ. ಆದರೆ ವಾಹೀದ ಹೇಳಿದ ಒಂದು ಮಾತನ್ನು ಜೇಬಿನಲ್ಲಿಟ್ಟುಕೊಂಡು ಬಂದ: ಎಕ್ಸಲೇಟರ್ ಒತ್ತದಿದ್ದರೆ ತಂಪು ಓಡಿಹೋಗುವುದಿಲ್ಲ. ಗಂಗಾವತಿಯೋ ಗದ್ದೆಗಳ ಊರು, ಅಂಗೈಯಷ್ಟು ಸಪಾಟು. ಬೀಗರನ್ನು ನಿಧಾನಕ್ಕೆ ಒಂದು ಸುತ್ತು ಹಾಕಿಸಿದರೆ ಪರೀಕ್ಷೆ ಪಾಸು.

ಕುಬಸದ ದಿನ ನಸುಕಿನಲ್ಲೇ ಹೊರಟರು. ಮಾರೆವ್ವ ಕರೆಯದೆಯೇ ಬಂದು ಕೂತಿದ್ದಳು. "ಗಂಗಾವತಿತನ ಅಂದ್ರ ಎರಡೂ ಮೊಣಕಾಲು ಪೂರಾ ಗುಣ ಆಕ್ಕಾವ," ಎಂದಳು. ಅಮರಮ್ಮ ರೊಟ್ಟಿ ಬುತ್ತಿ, ಶೇಂಗಾ ಹೋಳಿಗೆ, ಹಸಿರು ಸೀರೆ ಎಲ್ಲ ಇಟ್ಟು, ಕೊನೆಗೆ ಅಟ್ಟದಿಂದ ಖಾಕಿ ಅಂಗಿಯ ಗಂಟನ್ನು ತಂದು ಡಿಕ್ಕಿಯಲ್ಲಿ ಹಾಕಿದಳು.

"ಇದ್ಯಾಕ?" ಎಂದ ಗೋಣೆಪ್ಪ, ಮುಖ ಗಂಟು ಹಾಕಿ. ಬೀಗರ ಮನೆಗೆ ಅದೊಂದು ಹೋಗಬಾರದಿತ್ತು.

"ಬಸರ ಹೆಣಮಗಳು ಊರ ದಾಟುವಾಗ ಜತಿಗೆ ಕಬ್ಬಣ ಇರಬೇಕ್ರಿ. ಮನಿಯಾಗ ಉದ್ದನ್ನ ಕಬ್ಬಣ ಇದೊಂದ ಐತಿ. ಸುಮ್ನ ನಡೀರಿ," ಎಂದಳು ಅಮರಮ್ಮ. ದೃಷ್ಟಿ, ಗಾಳಿ, ಸೋಂಕಿನ ವಿಷಯದಲ್ಲಿ ಅವಳ ಮಾತೇ ಕೊನೆಯದು.

ತಾವರಗೇರಿ ದಾಟಿ, ಕನಕಗಿರಿ ದಾಟಿ, ಏರು ಬಂದಲ್ಲೆಲ್ಲ ಗೋಣೆಪ್ಪ ಎಕ್ಸಲೇಟರ್ ಮೇಲಿನ ಕಾಲನ್ನು ಹೂವಿನ ಮೇಲೆ ಇಟ್ಟಂತೆ ಇಟ್ಟು ಹತ್ತಿಸಿದ. ಒಂದು ಏರಿನಲ್ಲಿ ಅವರನ್ನು ಕುರಿ ಹಿಂಡೊಂದು ಹಿಂದೆ ಹಾಕಿತು. ಕುರಿಯವನು ಗ್ಲಾಸು ಬಡಿದು, ತಳ್ಳಬೇಕೇ ಎಂದು ಕೇಳಿದ. ತಂಪು ಹೊರಗೆ ಹೋಗುತ್ತದೆಂದು ಗೋಣೆಪ್ಪ ಉತ್ತರ ಕೊಡಲಿಲ್ಲ. ಕಾವು ಬಾರದೆ ಮಾರೆವ್ವ ದಾರಿಯುದ್ದಕ್ಕೂ ಗೊಣಗಿದಳು.

ಕುಬಸ ಚೆನ್ನಾಗಿ ಆಯಿತು. ಹಸಿರು ಸೀರೆ, ಮೊಣಕೈವರೆಗೆ ಹಸಿರು ಬಳೆ, ತುಂಬಿದ ಉಡಿ. ಕವಿತಾ ಅಪ್ಪನನ್ನು ನೋಡಿ ನಕ್ಕಾಗ ಗೋಣೆಪ್ಪನ ಎದೆ ತುಂಬಿ ಬಂತು. ತನ್ನ ಚೀಲ ಆಗಲೇ ಕಟ್ಟಿದೆ ಎಂದು ಅವಳು ಕಣ್ಣಲ್ಲೇ ತೋರಿಸಿದಳು. ಊಟವಾದದ್ದೇ ಗೋವಿಂದರಾಜರು ಎದ್ದರು. "ನಡೀರಿ ಬೀಗರ, ನಿಮ್ಮ ತಂಪು ನೋಡೂಣು." ಅಂಗಳದ ತುಂಬ ಗಿರಣಿಯವರು, ಕಚೇರಿಯವರು, ಹೋಟೆಲಿನವರು ಎಲ್ಲ ಮದುವೆಯ ದಿನದ ಮಂದಿಯೇ ನಿಂತಿದ್ದರು.

ಗೋವಿಂದರಾಜರು ಮುಂದೆ ಕೂತರು. ಬೀಗತಿ ರೇಣುಕಾದೇವಿ ಹಿಂದಿನ ಬಾಗಿಲು ತೆರೆದರೆ ಅಲ್ಲಿ ಮಾರೆವ್ವ, ಊಟ ಮುಗಿಸಿ ಯಾವಾಗಲೋ ಬಂದು ಕೂತವಳು, ಎಲೆ ಅಡಿಕೆ ಜಗಿಯುತ್ತಿದ್ದಳು. ಅವಳ ಪಕ್ಕದಲ್ಲೇ ಕೂತರು.

ಮೊದಲ ಕಾಲು ತಾಸು ಗೋಣೆಪ್ಪನ ಬದುಕಿನ ಸುಖದ ಕಾಲ. ಸಪಾಟು ರಸ್ತೆ, ಮುಖಕ್ಕೆ ಥಂಡಿ ಗಾಳಿ. ಗೋವಿಂದರಾಜರು ಕಾಲರಿನ ಗುಂಡಿ ಹಾಕಿಕೊಂಡರು. "ಅಬಾ, ತಂಪೈತಿ ಬೀಗರ," ಎಂದರು. ರೇಣುಕಾದೇವಿ, "ನಮ್ಮ ಗಾಡೀಕಿಂತ ಛಲೋ ಐತ್ರಿ," ಎಂದರು. ಗೋವಿಂದರಾಜರಿಗೆ ಆ ಮಾತು ಅಷ್ಟು ರುಚಿಸಲಿಲ್ಲ.

"ಕಾಲವಿ ಸೇತುವಿ ದಾಟಿ ತಿರಗಸ್ರಿ," ಎಂದರು.

ಕಾಲುವೆಯ ಸೇತುವೆ. ಗಂಗಾವತಿಯಲ್ಲಿ ಇದ್ದ ಒಂದೇ ಏರು. "ಇಲ್ಲೇ ತಿರಗಸಿದ್ರ ಆತಲ್ರಿ," ಎಂದ ಗೋಣೆಪ್ಪ.

"ಯಾಕ? ಗಾಡಿ ಹತ್ತಂಗಿಲ್ಲೇನು?"

ಗಾಡಿ ಹತ್ತತೊಡಗಿತು, ಹೂವಿನ ಮೇಲೆ ಕಾಲಿಟ್ಟ ಹಾಗೆಯೇ. ಅರ್ಧ ಏರಿದಾಗ ಹಿಂದಿನಿಂದ ಭತ್ತದ ಲಾರಿಯೊಂದು ಬಂದು, ಹಾರ್ನಿನ ಮೇಲೆ ಕೈಯಿಟ್ಟು ತೆಗೆಯಲಿಲ್ಲ. ಗಾಡಿ ನಿಲ್ಲುವ ಹಾಗಾಯಿತು. ಬೇರೆ ದಾರಿಯಿಲ್ಲದೆ ಗೋಣೆಪ್ಪ ಎಕ್ಸಲೇಟರ್ ಒತ್ತಿದ. ತಂಪು ನಿಂತಿತು. ಗ್ಲಾಸು ಬುಸ್ಸೆಂದಿತು.

"ಬಂತು ನೋಡ್ರಿ ಕಾವು," ಎಂದಳು ಮಾರೆವ್ವ ಹಿಂದಿನಿಂದ, ಪರಮ ತೃಪ್ತಿಯಲ್ಲಿ. "ಕಾಲ ಮುಂದ ಚಾಚ್ರಿ ಬೀಗತೇರ, ಹಿಂತಾದು ಎಲ್ಲೂ ಸಿಗಂಗಿಲ್ಲ."

ಗೋವಿಂದರಾಜರು ಎರಡೂ ಕಾಲು ಎತ್ತಿ ಸೀಟಿನ ಮೇಲೆ ಪದ್ಮಾಸನ ಹಾಕಿ ಕೂತರು. ಆ ಭಂಗಿಯಲ್ಲೇ, ಹಾಕಿದ ಗುಂಡಿ ಬಿಚ್ಚುತ್ತ, ಮನೆಗೆ ಮರಳಿದರು. ಮಂದಿಯೆಲ್ಲ ಸುತ್ತುಗಟ್ಟಿತು. ಅವಸರದಲ್ಲಿ ಎಂಜಿನ್ ಬಂದ್ ಮಾಡುವುದನ್ನೂ ಗೋಣೆಪ್ಪ ಮರೆತ. ಯಾರೋ ಬಾನೆಟ್ ಎತ್ತಿದರು. ಗಿರಣಿಯವರು ರೇಡಿಯೇಟರ್ ಎಂದರು, ಕಚೇರಿಯವರು ಇದು ಹಳೆಯ ಗಾಡಿಯ ಹಣೆಬರಹ ಎಂದರು, ಹೋಟೆಲಿನವರು ಫಾರಿನ್ ಮಂದಿ ಇಂಥವನ್ನು ಗುಜರಿಗೆ ಹಾಕುತ್ತಾರೆ ಎಂದರು.

"ಬ್ಯಾಸರ ಮಾಡ್ಕೋಬ್ಯಾಡ್ರಿ ಬೀಗರ," ಎಂದರು ಗೋವಿಂದರಾಜರು ಕೊನೆಗೆ. ದನಿ ಮೆತ್ತಗಿತ್ತು, ಅದೇ ಹೆಚ್ಚು ನೋಯಿಸಿತು. "ಸೊಸಿ ಇಲ್ಲೇ ಇರ್ಲಿ. ನೀವು ಬಸ್ಸಿಗೆ ಬಂದು ನೋಡ್ಕೊಂತ ಇರ್ರಿ."

ಅಮರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ತೊಳೆದಿಟ್ಟ ತೊಟ್ಟಿಲು, ಸುಣ್ಣ ಬಳಿದ ಕೋಣೆ ಗೋಣೆಪ್ಪನ ಕಣ್ಣ ಮುಂದೆ ಬಂದವು. ಅವನಿಗೆ ಅಳು ಬಂತು. ಬಾನೆಟ್ಟಿನೊಳಗೆ ಬಗ್ಗಿ ಏನೋ ನೋಡುವವನಂತೆ ನಿಂತ.

ಕವಿತಾ ಚೀಲ ಹಿಡಿದುಕೊಂಡು ಬಂದು ಅವನ ಪಕ್ಕದಲ್ಲಿ ನಿಂತಳು. "ಅಪ್ಪಾ," ಎಂದಳು ಮೆಲ್ಲಗೆ. "ಇದರಾಗ ಸುಂಯ್ ಅನ್ನಾಕತ್ತೈತಲ್ಲ, ಏನದು? ನಮ್ಮ ಮನಿ ನಳದಂಗ ಕೇಳಸ್ತೈತಿ. ನೀನು ವಾಲ್ವ್ ಬಂದ್ ಮಾಡಿದ ಕೂಡ್ಲೆ ನಳ ಗಾಳಿ ಎಳೀತಿತ್ತಲ್ಲ. ನಾನು ಸಣ್ಣಾಕಿದ್ದಾಗ ಅದರ ಬಾಯಿಗೆ ಬಟ್ಟ ಇಡ್ತಿದ್ದೆ, ಅದು ಬೆರಳ ಹಿಡಕೊಂತಿತ್ತು."

ಗೋಣೆಪ್ಪ ಮಗಳ ಮುಖ ನೋಡಿದ.

ಅವನಿಗೆ ಗೊತ್ತಿರದ ವಿಷಯವೇ? ಪೈಪು ಬರಿದಾಗುವಾಗ ಹೊರಗೆ ಬಿಡುವುದಿಲ್ಲ, ಒಳಗೆ ಎಳೆಯುತ್ತದೆ. ಅಂಥ ಹೊತ್ತಿನಲ್ಲಿ ಒಡಕಿದ್ದರೆ ಗಟಾರದ ನೀರನ್ನೂ ಎಳೆದುಕೊಳ್ಳುತ್ತದೆಂದು ಮೂವತ್ತೆರಡು ವರ್ಷ ಅವನೇ ಊರಿಗೆಲ್ಲ ಹೇಳಿದ್ದ. ಒಳಗೆ ಹೋಗುವ ಲೀಕ್ ಅವನಿಗೆ ಗೊತ್ತಿತ್ತು. ಕಾರು ಕೊಂಡ ಮೇಲೆ ಮರೆತಿದ್ದ, ಅಷ್ಟೇ.

ಅವನು ಡಿಕ್ಕಿ ತೆಗೆದ. ಎಲ್ಲರೆದುರಿಗೆ ಖಾಕಿ ಅಂಗಿಯ ಗಂಟು ಬಿಚ್ಚಿ ಸಲಾಕೆ ಹೊರಗೆಳೆದ. ಬೀಗರ ಜೊತೆ ಹೊಡೆದಾಟಕ್ಕೆ ಇಳಿದನೆಂದು ತಿಳಿದು ಹೋಟೆಲಿನವರು ಹಿಂದೆ ಸರಿದರು.

"ಎಲ್ಲಾರೂ ಬಾಯಿ ಬಂದ್ ಮಾಡ್ರಿ," ಎಂದ ಗೋಣೆಪ್ಪ. ಓಣಿಯಲ್ಲಿ ಪೈಪು ಆಲಿಸುವಾಗ ಪುರಸಭೆಯ ಅಧ್ಯಕ್ಷರಿಗೂ ಹೀಗೆಯೇ ಹೇಳುತ್ತಿದ್ದ ದನಿ ಅದು. ಅಂಗಳ ಗಪ್ಪಾಯಿತು. ಬೀಗತಿ ಬಳೆ ಹಿಡಿದುಕೊಂಡರು. ಗೋವಿಂದರಾಜರು ಬಾಯಿಗೆ ಹಾಕಿಕೊಂಡ ಅಡಿಕೆ ಕಡಿಯದೆ ಹಾಗೇ ಇಟ್ಟುಕೊಂಡರು.

ಸಲಾಕೆಯ ತುದಿ ಒಂದೊಂದೇ ಕೊಳವೆಯ ಬುಡ ಮುಟ್ಟುತ್ತ ಹೋಯಿತು. ಗೋಣೆಪ್ಪ ಕಣ್ಣು ಮುಚ್ಚಿದ್ದ. ಇಲ್ಲ. ಇಲ್ಲಿಯೂ ಇಲ್ಲ. ಎಡಕ್ಕೆ ಸ್ವಲ್ಪ. ಮೂಲೆಯಲ್ಲಿ ಸಲಾಕೆ ನಿಂತಿತು. ಅಲ್ಲಿ ಕೈಬೆರಳಿಗಿಂತ ತೆಳ್ಳನೆಯ ಕರಿ ರಬ್ಬರ್ ಕೊಳವೆಯಿತ್ತು. ಗೋಣೆಪ್ಪ ಸಲಾಕೆ ಪಕ್ಕಕ್ಕಿಟ್ಟು ಕೈ ಚಾಚಿದ. ಕೊಳವೆ ಅವನ ಬೆರಳ ತುದಿಯನ್ನು ಎಳೆದು ಹಿಡಿದುಕೊಂಡಿತು. ಎಂಜಿನ್ನಿನ ನಡುಕ ಅಲ್ಲೇ ನಿಂತಿತು.

"ಬೀಗರ, ಒಳಗ ಕೂತು ಎಕ್ಸಲೇಟರ್ ಒತ್ರಿ," ಎಂದ.

ಗೋವಿಂದರಾಜರು ಕೂತು ಒತ್ತಿದರು. "ತಂಪೈತಿ," ಎಂದರು ಒಳಗಿನಿಂದ, ಅಡಿಕೆ ಸಮೇತ.

ಗೋಣೆಪ್ಪ ಬೆರಳು ತೆಗೆದ. "ಈಗ?"

"ಹೋತು. ಕಾಲಿಗೆ ಬಿಸಿ ಬಂತು."

ಬೆರಳಿಟ್ಟ. "ಈಗ?"

"ಬಂತು. ತಂಪು ಬಂತು."

ಒಮ್ಮೆ ಮಾಡಿ ತೋರಿಸಿದ್ದರೆ ಸಾಕಿತ್ತು. ಗೋಣೆಪ್ಪ ಏಳು ಸಲ ಮಾಡಿದ. ಗಿರಣಿಯವರು ಹತ್ತಿರ ಬಂದು ನೋಡಲಿ ಎಂದು ಒಂದು, ಕಚೇರಿಯವರಿಗೆ ಒಂದು, ಹೋಟೆಲಿನವರಿಗೆ ಎರಡು. ಆಮೇಲೆ ತೂತಿನೊಳಗೆ ಏನೋ ಸಿಕ್ಕಿದೆಯೆಂದು ಉಗುರಿನಿಂದ ಎಳೆದ. ಅರ್ಧ ಸುಟ್ಟ ಬಿದಿರಿನ ಸಣ್ಣ ಕಡ್ಡಿ ಹೊರಗೆ ಬಂತು. ಅದಕ್ಕೆ ಇನ್ನೂ ಮಲ್ಲಿಗೆ ವಾಸನೆಯಿತ್ತು.

ಅಮರಮ್ಮ ಕಡ್ಡಿ ನೋಡಿದಳು, ಗಂಡನನ್ನು ನೋಡಿದಳು. "ಜೀವ ಒಳಗೈತಿ ಅಂತ ಚುಚ್ಚಿದ್ದು ಇದ ಅಲ್ಲೇನ್ರಿ?"

ಗೋಣೆಪ್ಪ ಆ ಕಡ್ಡಿಯನ್ನು ಭಕ್ತಿಯಿಂದ ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿದ. ಆ ವಿಷಯದಲ್ಲಿ ಅವನಿಂದ ಇವತ್ತಿಗೂ ಬೇರೆ ಉತ್ತರ ಬಂದಿಲ್ಲ. ಸಲಾಕೆಯ ಹಿಡಿಕೆಗೆ ಸುತ್ತಿದ್ದ ಸೈಕಲ್ ಟ್ಯೂಬಿನ ಪಟ್ಟಿಯನ್ನು ಬಿಚ್ಚಿ, ಹಲ್ಲಿನಿಂದ ಎಳೆದು ಬಿಗಿ ಮಾಡಿ, ಕುಷ್ಟಗಿಯ ನೂರಾರು ಪೈಪುಗಳಿಗೆ ಸುತ್ತಿದ ಹಾಗೆಯೇ ಕೊಳವೆಗೆ ಸುತ್ತಿದ. ಸುಂಯ್ ಎನ್ನುವುದು ನಿಂತಿತು. ಮತ್ತೆ ಕಾಲುವೆಯ ಸೇತುವೆಗೆ ಹೋದರು. ಈ ಸಲ ಗೋಣೆಪ್ಪ ಎಕ್ಸಲೇಟರನ್ನು ನೆಲಕ್ಕೆ ತಾಗುವಂತೆ ಒತ್ತಿದ. ತಂಪು ಮುಖ ಬಿಟ್ಟು ಕದಲಲಿಲ್ಲ. ಮಾರೆವ್ವ ಮಾತ್ರ ಹಿಂದಿನಿಂದ, "ಇದ್ದ ಗುಣಾನ ಕೆಡಿಸಿದೆಲ್ಲೋ," ಎಂದು ಬೈದಳು.

ಕವಿತಾಳ ಚೀಲವನ್ನು ಗೋವಿಂದರಾಜರು ತಾವೇ ಡಿಕ್ಕಿಗೆ ಇಟ್ಟರು. ಆಮೇಲೆ ಗೋಣೆಪ್ಪನ ಹೆಗಲ ಮೇಲೆ ಕೈಯಿಟ್ಟು ಮಂದಿಯ ಕಡೆ ತಿರುಗಿದರು. ಈ ಸಲ ಕೆಮ್ಮಲಿಲ್ಲ. "ಇವರು ನಮ್ಮ ಬೀಗರು. ಕುಷ್ಟಗಿಯೊಳಗ ನೀರ ಬಿಡ್ತಿದ್ರು."

ಅದೇ ಮೂರು ಪದ. ಗೋಣೆಪ್ಪ ಸಲಾಕೆಯನ್ನು ಕೋಲಿನಂತೆ ನೆಲಕ್ಕೂರಿ ನಿಂತ. "ಅರ್ಧ ಹೇಳಿದ್ರಿ ಬೀಗರ," ಎಂದ. "ಬಿಡ್ತಿದ್ದವನೂ ನಾನ, ಬಂದ್ ಮಾಡ್ತಿದ್ದವನೂ ನಾನ. ವಾಲ್ವ್‌ಮನ್ ಅಂತ ಹೇಳ್ರಿ."

"ವಾಲ್ವ್‌ಮನ್," ಎಂದರು ಗೋವಿಂದರಾಜರು, ಗಟ್ಟಿಯಾಗಿ.

ತಾವರಗೇರಿಯ ಏರಿನಲ್ಲಿ ಬೆಳಗಿನ ಕುರಿ ಹಿಂಡು ಸಿಕ್ಕಿತು. ಗೋಣೆಪ್ಪ ಅದನ್ನು ಹಿಂದೆ ಹಾಕಿ, ಗ್ಲಾಸು ಇಳಿಸಿ ಕುರಿಯವನಿಗೆ ಕೈ ಎತ್ತಿ ಹೋದ. ಹೊರಗೆ ನೆಲ ಕಾದು ಕಣ್ಣು ಕುಕ್ಕುತ್ತಿತ್ತು. ಹಿಂದಿನ ಸೀಟಿನಲ್ಲಿ ಅವ್ವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ ಕವಿತಾ ಎದ್ದು, ಸೆರಗು ಹೊದ್ದುಕೊಂಡಳು.

"ಅಪ್ಪಾ, ಕಮ್ಮಿ ಮಾಡು. ಥಂಡಿ ಆಗಾಕತ್ತೈತಿ."

ಗೋಣೆಪ್ಪ ಕಮ್ಮಿ ಮಾಡಲಿಲ್ಲ. ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿ, ಜೇಬಿನಿಂದ ಫೋನು ತೆಗೆದು, ನಂಬರು ಒತ್ತಿ, ಹಿಂದಕ್ಕೆ ಚಾಚಿದ.

"ನಿಮ್ಮ ಮಾವಾರು ಎತ್ತತಾರ, ಹಿಡಿ," ಎಂದ. "ಈಗ ಅಂದೆಲ್ಲವ್ವ, ಅದನ್ನ ಇನ್ನೊಮ್ಮೆ ಅನ್ನು."